ಬಾಯಿ ಬಿಡದ ಹುಡುಗ ದಡ್ಡನಲ್ಲ



ಜೂನ್ ಬಂತೆಂದರೆ ಅವರನ್ನು ನೀವು ನೋಡಿಯೇ ಇರುತ್ತೀರಿ. ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ, ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ, ಚಿಗರಿ ಬಸ್ಸಿನ ಬಾಗಿಲ ಹತ್ತಿರ. ಹೆಗಲಿಗೆ ಚೀಲ, ಕೈಯಲ್ಲಿ ಹಾಸಿಗೆ ಸುರುಳಿ, ಜೊತೆಗೆ ಧೋತರ ಉಟ್ಟ ಅಪ್ಪ ಇಲ್ಲವೇ ಸೆರಗು ಹೊದ್ದ ಅವ್ವ. ನವಲಗುಂದ, ಕುಂದಗೋಳ, ಕಲಘಟಗಿ, ನರಗುಂದ, ರೋಣ, ಸವಣೂರು ಕಡೆಯ ಮಕ್ಕಳು. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲಿಗರು. ಊರಲ್ಲಿ ಸತ್ಕಾರ ಆಗಿದೆ, ಶಾಲು ಹೊದಿಸಿದ್ದಾರೆ, ಫ್ಲೆಕ್ಸ್ ಕಟ್ಟಿದ್ದಾರೆ. ವಿದ್ಯಾಕಾಶಿಗೆ ಬಂದು ಪಿಯುಸಿ ಸೈನ್ಸ್ ಸೇರುತ್ತಾರೆ.

ಎರಡು ವಾರ ಬಿಟ್ಟು ಅಂಥ ಒಬ್ಬ ಹುಡುಗನನ್ನು ಕ್ಲಾಸಿನಲ್ಲಿ ನೋಡಿ. ಆಕ್ಸಲರೇಷನ್ ಎಂದರೇನು ಎಂದು ಉಪನ್ಯಾಸಕರು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಅವನಿಗೆ ವೇಗೋತ್ಕರ್ಷ ಗೊತ್ತು. ಅದರ ಲೆಕ್ಕ ಮಾಡಿದ್ದಾನೆ, ಅಂಕ ತೆಗೆದಿದ್ದಾನೆ. ಕೇಳಿದ್ದು ಅದನ್ನೇ ಎಂದು ಹೊಳೆಯುವಷ್ಟರಲ್ಲಿ ಪ್ರಶ್ನೆ ಮುಂದಿನ ಬೆಂಚಿಗೆ ಹೋಗಿರುತ್ತದೆ. ನಿಂತವನು ನಿಂತೇ ಇರುತ್ತಾನೆ. ಹಿಂದಿನಿಂದ ಯಾರೋ ಕಿಸಕ್ಕನೆ ನಗುತ್ತಾರೆ. ಮರುದಿನದಿಂದ ಅವನು ಎತ್ತರದ ಹುಡುಗನೊಬ್ಬನ ಬೆನ್ನ ಹಿಂದೆ ಕೂರುತ್ತಾನೆ. ತಿಂಗಳಾದ ಮೇಲೆ ಪ್ರಾಕ್ಟಿಕಲ್ ಇದ್ದ ದಿನವೇ ಹೊಟ್ಟೆನೋವು. ದಸರೆಗೆ ಊರಿಗೆ ಹೋದವನು ತಿರುಗಿ ಬರುವುದಿಲ್ಲ.

ಇಂಥವನಿಗೆ ಏನೇನು ಹೆಸರಿಡುತ್ತಾರೆ, ನಿಮಗೆ ಗೊತ್ತು. ಪುಕ್ಕಲ. ಹಳ್ಳಿಗಮಾರ. ಬೇಸಿಕ್ ವೀಕು. ಕಾಲೇಜಿನ ಪುಸ್ತಕದಲ್ಲಿ ಡ್ರಾಪ್‌ಔಟ್. ಅವನಿಗೆ ಆಗಿದ್ದರ ಸರಿಯಾದ ಹೆಸರು ಆತಂಕ. ನಮ್ಮ ಕಡೆಯ ಮಾತಿನಲ್ಲಿ ಅಂಜಿಕಿ. ಈ ಸಲದ ಸಂಪಾದಕೀಯ ಅದರ ಮೇಲೆ. ಗಡಿ, ನೀರು, ನೌಕರಿ, ನಾಮಫಲಕ ಎಲ್ಲ ಬಿಟ್ಟು ಇದೇನು ಹೊಸ ರಾಗ ಎನ್ನಬೇಡಿ. ಕ್ಲಾಸಿನಲ್ಲಿ ಬಾಯಿ ಕಳೆದುಕೊಂಡವನ ಕೈಗೆ ಬಾವುಟ ಕೊಟ್ಟು ಏನು ಮಾಡುತ್ತೀರಿ?

ಅಂಜಿಕೆ ಬರುವುದು ತಪ್ಪಲ್ಲ. ಹೊಲದಲ್ಲಿ ಹಾವು ಕಂಡರೆ ಎದೆ ಬಡಿದುಕೊಳ್ಳಲೇಬೇಕು, ಕಾಲಿಗೆ ರಕ್ತ ನುಗ್ಗಬೇಕು, ಬಾಯಿ ಒಣಗಬೇಕು. ಅದು ಓಡುವುದಕ್ಕೆ ದೇಹ ಮಾಡಿಕೊಳ್ಳುವ ತಯಾರಿ. ಪೇಚು ಎಲ್ಲಿದೆ ಎಂದರೆ, ನಾಲ್ಕು ಮಂದಿಯ ಮುಂದೆ ಮಾನ ಹೋದೀತು ಎಂಬ ಭಯಕ್ಕೂ ದೇಹ ಇದೇ ತಯಾರಿ ಮಾಡುತ್ತದೆ. ಹಾವಾದರೆ ಓಡಬಹುದು. ಕ್ಲಾಸಿನಿಂದ ಎಲ್ಲಿಗೆ ಓಡುವುದು? ಕೈ ನಡುಗುತ್ತದೆ, ಬೆವರು ಒಡೆಯುತ್ತದೆ, ನಿನ್ನೆ ರಾತ್ರಿ ಬಾಯಿಪಾಠ ಬಂದಿದ್ದು ಇವತ್ತು ಬರುವುದಿಲ್ಲ.

ಯಾಕೆ ಬರುವುದಿಲ್ಲ? ಯೋಚಿಸುವಾಗ ನಾವು ಬಳಸುವ ಜಾಗ ತಲೆಯೊಳಗೆ ಬಹಳ ಸಣ್ಣದು. ಒಂದನೇ ಇಯತ್ತೆಯ ಪಾಟಿಯಷ್ಟು ಎಂದುಕೊಳ್ಳಿ. ‘ತಪ್ಪಾದರೆ? ನಕ್ಕರೆ? ಸರ್ ಬೈದರೆ?’ ಎಂಬ ಮಾತುಗಳು ಮೊದಲೇ ಬಂದು ಆ ಪಾಟಿಯ ತುಂಬ ಬರೆದುಕೊಂಡರೆ ಲೆಕ್ಕಕ್ಕೆ ಜಾಗ ಎಲ್ಲಿ? ಅದರ ಮೇಲೆ ಪ್ರಶ್ನೆ ಗೊತ್ತಿಲ್ಲದ ಭಾಷೆಯದು. ಅದನ್ನು ಕನ್ನಡಕ್ಕೆ ತರಬೇಕು, ಉತ್ತರ ಹುಡುಕಬೇಕು, ಸಿಕ್ಕಿದ್ದನ್ನು ಮತ್ತೆ ಇಂಗ್ಲಿಷಿಗೆ ಒಯ್ಯಬೇಕು, ವ್ಯಾಕರಣ ನೋಡಿಕೊಳ್ಳಬೇಕು. ಇಷ್ಟೂ ಅದೇ ಪಾಟಿಯ ಮೇಲೆ. ಪಕ್ಕದ ಬೆಂಚಿನ ನಗರದ ಹುಡುಗನಿಗೆ ಪೂರಾ ಪಾಟಿ, ಇವನಿಗೆ ಕಾಲುಭಾಗ. ಆಮೇಲೆ ಇಬ್ಬರ ಅಂಕ ಪಕ್ಕಪಕ್ಕದಲ್ಲಿಟ್ಟು ಯಾರು ಜಾಣ ಎಂದು ತೀರ್ಪು ಕೊಡುತ್ತೇವೆ.

ಪರಭಾಷೆಯ ತರಗತಿಯ ಅಂಜಿಕೆ ಬೇರೆಯದೇ ಒಂದು ಜಾತಿ ಎಂದು ಅಮೆರಿಕದಲ್ಲಿ ಹಾರ್ವಿಟ್ಜ್ ಮತ್ತು ಜೊತೆಗಾರರು 1986ರಲ್ಲೇ ಬರೆದರು. ಅದನ್ನು ಅಳೆಯಲು 33 ವಾಕ್ಯಗಳ ಒಂದು ಪಟ್ಟಿ ಮಾಡಿದರು. ಅವರು ನೋಡಿದ್ದು ಸ್ಪ್ಯಾನಿಷ್ ಕಲಿಯುವ ಕಾಲೇಜು ಮಕ್ಕಳನ್ನು. ಆ ಮಕ್ಕಳಿಗೆ ಸ್ಪ್ಯಾನಿಷ್ ಒಂದು ಪಿರಿಯಡ್ಡು, ಗಂಟೆ ಹೊಡೆದರೆ ಅಂಜಿಕೆ ಮುಗಿಯಿತು, ಉಳಿದ ಪಾಠವೆಲ್ಲ ಮನೆಮಾತಿನಲ್ಲಿ. ನಮ್ಮ ನವಲಗುಂದದ ಹುಡುಗಿಗೆ ಫಿಜಿಕ್ಸೂ ಇಂಗ್ಲಿಷ್, ಕೆಮಿಸ್ಟ್ರಿಯೂ ಇಂಗ್ಲಿಷ್, ಬಯಾಲಜಿಯೂ ಇಂಗ್ಲಿಷ್, ನೋಟಿಸ್ ಬೋರ್ಡೂ ಇಂಗ್ಲಿಷ್. ಅವಳ ಗಂಟೆ ಹೊಡೆಯುವುದೇ ಇಲ್ಲ.

ಕಲೆ, ವಾಣಿಜ್ಯಗಳಲ್ಲಿ ಕನ್ನಡ ಅಷ್ಟಿಷ್ಟು ಉಳಿದಿದೆ. ವಿಜ್ಞಾನಕ್ಕೆ ಕಾಲಿಟ್ಟರೆ ಹತ್ತು ವರ್ಷ ಕಲಿತ ಮಾತೆಲ್ಲ ಒಂದು ಬೇಸಿಗೆ ರಜೆಯಲ್ಲಿ ಕೆಲಸಕ್ಕೆ ಬಾರದ್ದಾಗುತ್ತದೆ. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಸಿಗುತ್ತದೆ. ಜೆಇಇ ಮೇನ್ 2021ರಿಂದ ಸಿಗುತ್ತದೆ. ಅದೇ 2021ರಲ್ಲಿ ಕನ್ನಡದಲ್ಲಿ ಎಂಜಿನಿಯರಿಂಗ್ ಕಲಿಸಲು ಎಐಸಿಟಿಇ ಒಪ್ಪಿಗೆ ಕೊಟ್ಟಿತು. ಪ್ರಶ್ನೆಪತ್ರಿಕೆ ಕನ್ನಡಕ್ಕೆ ಬಂತು, ಪಾಠ ಮಾತ್ರ ಬರಲಿಲ್ಲ. ಎರಡು ವರ್ಷ ಇಂಗ್ಲಿಷಿನಲ್ಲಿ ತಿಕ್ಕಿಸಿಕೊಂಡವನು ಕೊನೆಯ ದಿನ ಕನ್ನಡದ ಪ್ರಶ್ನೆ ಹಿಡಿದು ಏನು ಮಾಡಿಯಾನು?

ಧಾರವಾಡಕ್ಕೆ ಇದು ಹೊಸದೂ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ನಾವು ಮುಂಬಯಿ ಇಲಾಖೆಯಲ್ಲಿದ್ದಾಗ ಇದೇ ನೆಲದ ಕನ್ನಡದ ಮಕ್ಕಳು ಮರಾಠಿ ಸಾಲಿಯಲ್ಲಿ ಕೂತು ಕಣ್ಣು ಕಣ್ಣು ಬಿಡುತ್ತಿದ್ದರು. ಡೆಪ್ಯುಟಿ ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಸಾಲಿ ತೆರೆಸಿದ್ದು, 1890ರಲ್ಲಿ ರಾ. ಹ. ದೇಶಪಾಂಡೆಯವರು ವಿದ್ಯಾವರ್ಧಕ ಸಂಘ ಕಟ್ಟಿದ್ದು ಭಾಷೆಯ ಅಭಿಮಾನಕ್ಕೆ ಮಾತ್ರ ಎಂದು ನಾವು ಭಾಷಣ ಮಾಡುತ್ತೇವೆ. ತಿಳಿಯದ ಮಾತಿನ ಎದುರು ಮಗು ಮೂಕವಾಗುವುದನ್ನು ಅವರು ಕಣ್ಣಾರೆ ಕಂಡಿದ್ದರು ಎಂಬುದನ್ನೂ ಸೇರಿಸಿ ಹೇಳಬೇಕು.

ಈಗ ಕಾನೂನಿನ ಮಾತು. ಬೇಸರ ಪಡಬೇಡಿ, ಇದು ನಿಮ್ಮ ಜೇಬಿನಲ್ಲಿ ಇರಬೇಕಾದ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 29ನೇ ಕಲಮಿನ 2ನೇ ಉಪಕಲಮು ತೆಗೆದು ನೋಡಿ. ‘ಎಫ್’ ಅಕ್ಷರದ ಸಾಲಿನಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ ಬೋಧನೆ ಮಗುವಿನ ತಾಯ್ನುಡಿಯಲ್ಲಿ ಇರಬೇಕು ಎಂದಿದೆ. ಅದರ ಕೆಳಗೇ, ‘ಜಿ’ ಅಕ್ಷರದ ಸಾಲಿನಲ್ಲಿ, ಮಗುವನ್ನು ಭಯ, ಆಘಾತ, ಆತಂಕಗಳಿಂದ ಬಿಡಿಸಬೇಕು, ಅನಿಸಿದ್ದನ್ನು ನಿರಾಳವಾಗಿ ಹೇಳಲು ನೆರವಾಗಬೇಕು ಎಂದಿದೆ. ಎರಡೂ ಸಾಲು ಒಂದರ ಕೆಳಗೊಂದು. ಕಾಯ್ದೆ ಬರೆದವರಿಗೆ ಇವೆರಡರ ನಂಟು ಗೊತ್ತಿತ್ತು ಎಂದೇ ನಮ್ಮ ನಂಬಿಕೆ.

ಮೊದಲ ಸಾಲಿನ ಕಥೆ ನಿಮಗೆ ಗೊತ್ತು. ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯನ್ನೇ ಮಾಧ್ಯಮವಾಗಿ ಹೇರುವ ಅಧಿಕಾರ ಸರಕಾರಕ್ಕಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2014ರ ಮೇ 6ರಂದು ತೀರ್ಪು ಕೊಟ್ಟಿತು. ನಾವು ಸೋತೆವು. ಆಮೇಲೆ ಸರಕಾರ ತಾನೇ 2019ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಲು ಹೊರಟಿತು. ಆ ಜಗಳ ಇನ್ನೂ ಇದೆ, ಇರಲಿ. ಆದರೆ ಎರಡನೇ ಸಾಲಿಗೆ ಯಾರೂ ಕೈಹಚ್ಚಿಲ್ಲ. ಮಕ್ಕಳನ್ನು ಅಂಜಿಸುವುದು ನಮ್ಮ ಹಕ್ಕು ಎಂದು ಯಾವ ಆಡಳಿತ ಮಂಡಳಿ ಕೋರ್ಟಿಗೆ ಹೋಗುತ್ತದೆ? ಹೋಗಲಾರದು. ಅದೇ ಕಾಯ್ದೆಯ 17ನೇ ಕಲಮು ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೇ ನಿಷೇಧಿಸಿದೆ. ಇಷ್ಟು ಗಟ್ಟಿ ನೆಲ ಕಾಲ ಕೆಳಗಿದ್ದರೂ ಅದರ ಮೇಲೆ ನಿಂತು ಹೋರಾಡಿದವರು ಕಡಿಮೆ.

ಈ ಕಾಯ್ದೆಗೆ ಒಂದು ತೂತಿದೆ. ಅದು 14 ವರ್ಷದವರೆಗೆ, ಎಂಟನೇ ತರಗತಿಯವರೆಗೆ. ನಮ್ಮ ಮಕ್ಕಳು ಕನ್ನಡದಿಂದ ಇಂಗ್ಲಿಷಿಗೆ ಧುಮುಕುವುದು 16ಕ್ಕೆ. ಕೈ ಹಿಡಿಯಬೇಕಾದ ಜಾಗದಲ್ಲೇ ಕಾಯ್ದೆ ಕೈ ಬಿಡುತ್ತದೆ.

ಆ ತೂತನ್ನು ಸ್ವಲ್ಪ ಮುಚ್ಚಿದ್ದು 2025ರ ಜುಲೈ 25ರ ಸುಪ್ರೀಂ ಕೋರ್ಟ್ ತೀರ್ಪು. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿಗೆ ಹೋಗಿದ್ದ ಹುಡುಗಿಯೊಬ್ಬಳ ಸಾವಿನ ಮೊಕದ್ದಮೆ ಅದು. ದೇಶದಲ್ಲಿ 2022ರ ಒಂದೇ ವರ್ಷ 13,044 ವಿದ್ಯಾರ್ಥಿಗಳು ಜೀವ ತೆಗೆದುಕೊಂಡರು ಎಂಬ ಅಪರಾಧ ದಾಖಲೆ ಬ್ಯೂರೋದ ಲೆಕ್ಕ ನ್ಯಾಯಾಲಯದ ಮುಂದಿತ್ತು. ಸರಕಾರ ಕಾನೂನು ಮಾಡುವವರೆಗೆ ಶಾಲೆ, ಕಾಲೇಜು, ಕೋಚಿಂಗ್ ಸೆಂಟರು, ಹಾಸ್ಟೆಲು ಎಲ್ಲದಕ್ಕೂ ಅನ್ವಯಿಸುವ ನಿಯಮಗಳನ್ನು ನ್ಯಾಯಾಲಯವೇ ಹಾಕಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ತರಬೇತಾದ ಒಬ್ಬ ಆಪ್ತ ಸಮಾಲೋಚಕರು ಇರಲೇಬೇಕು. ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚು ಮಾಡುವುದು, ಎಲ್ಲರೆದುರು ಮಾನ ಕಳೆಯುವುದು ಕೂಡದು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ಸಹಾಯವಾಣಿಯ ಸಂಖ್ಯೆ ಕ್ಲಾಸಿನಲ್ಲಿ, ಹಾಸ್ಟೆಲಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣಬೇಕು.

ವಿದ್ಯಾನಗರದಿಂದ ಸಪ್ತಾಪುರದವರೆಗೆ ಒಂದು ಸುತ್ತು ಹಾಕಿ ಬನ್ನಿ. ಟಾಪರ್‌ಗಳ ಮುಖ ಹೊತ್ತ ಫಲಕಗಳು ಎಷ್ಟು ದಪ್ಪ ಇವೆ ನೋಡಿ. ಆಮೇಲೆ ಸಹಾಯವಾಣಿಯ ಸಂಖ್ಯೆ ಎಲ್ಲಿದೆ ಎಂದು ಹುಡುಕಿ.

ಎಲ್ಲ ಪಾಪವನ್ನೂ ಇಂಗ್ಲಿಷಿನ ತಲೆಗೆ ಕಟ್ಟುವುದು ನಮಗೆ ಸುಲಭ, ಓದುಗರೂ ಚಪ್ಪಾಳೆ ಹೊಡೆದಾರು. ಅದು ಪೂರ್ತಿ ನಿಜವಲ್ಲ. ಕನ್ನಡ ಸಾಲಿಯಲ್ಲೇ ಛಡಿ ಹಿಡಿದು ನಿಂತ ಮಾಸ್ತರರು ಎಷ್ಟು ತಲೆಮಾರಿನ ಬಾಯಿ ಮುಚ್ಚಿಸಿಲ್ಲ? ಇಂಗ್ಲಿಷನ್ನು ನೀರಿನಂತೆ ಆಡುವ ಮನೆಯ ಹುಡುಗಿಗೂ ಪರೀಕ್ಷೆಯ ಹಿಂದಿನ ರಾತ್ರಿ ಉಸಿರು ಕಟ್ಟುತ್ತದೆ. ಎನ್‌ಸಿಇಆರ್‌ಟಿ 2022ರಲ್ಲಿ ದೇಶದಾದ್ಯಂತ 3.79 ಲಕ್ಷ ಶಾಲಾ ಮಕ್ಕಳನ್ನು ಕೇಳಿದಾಗ, ಆತಂಕಕ್ಕೆ ಮುಖ್ಯ ಕಾರಣ ಓದು, ಪರೀಕ್ಷೆ, ಫಲಿತಾಂಶ ಎಂದವರು ಶೇಕಡಾ 81. ಇಷ್ಟು ಮಕ್ಕಳು ಒಂದೇ ಮಾತು ಹೇಳುವಾಗ ಕಾರಣವನ್ನು ಮಗುವಿನೊಳಗಷ್ಟೇ ಹುಡುಕಿದರೆ ಸಾಲದು. ಕರ್ನಾಟಕ 2024ರಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಇಟ್ಟಿತ್ತಲ್ಲ, ಅದು ಒಳ್ಳೆಯ ಕೆಲಸ. ಒಂದೇ ಏಟಿಗೆ ಜೀವನ ಮುಗಿಯಿತು ಎಂಬ ಮಾತಿನ ಬಲ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ನಮ್ಮವರಿಗೂ ಒಂದು ಮಾತು ಹೇಳಬೇಕಿದೆ. ಅಕಾರ ಹಕಾರ ತಪ್ಪಿದ ಹುಡುಗಿಯ ವಿಡಿಯೋ ಹರಿಬಿಟ್ಟು ‘ಇವಳ ಕನ್ನಡ ನೋಡಿ’ ಎಂದು ನಗುವವರು ನಮ್ಮ ಶಾಲು ಹೊದ್ದವರೇ. ಹಳೇ ಹುಬ್ಬಳ್ಳಿಯ ಉರ್ದು ಮನೆಯ ಮಗು, ಕಲಘಟಗಿಯ ತಾಂಡಾದ ಲಂಬಾಣಿ ಮಗು, ಮರಾಠಿ ಕೊಂಕಣಿ ಮನೆಯ ಮಗು ಕನ್ನಡದ ಕ್ಲಾಸಿನಲ್ಲಿ ಎದ್ದು ನಿಂತಾಗ ಅವರ ಪಾಟಿಯೂ ಅರ್ಧ ತುಂಬಿರುತ್ತದೆ. ನಮ್ಮ ಹುಡುಗನಿಗೆ ಇಂಗ್ಲಿಷ್ ಏನೋ, ಆ ಮಗುವಿಗೆ ಕನ್ನಡ ಅದೇ. ನಕ್ಕು ಕನ್ನಡ ಕಲಿಸಿದವರನ್ನು ನಾವು ಕಂಡಿಲ್ಲ.

ಹಾಗಾದರೆ ಕ್ಲಾಸಿನಲ್ಲಿ ಮಾಡಬೇಕಾದದ್ದೇನು? ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ನಿಮ್ಮಲ್ಲಿ ಎಷ್ಟೋ ಜನ ಟ್ಯೂಷನ್ ಹೇಳುತ್ತೀರಿ, ಕೆಲವರು ಬಿ.ಎಡ್. ಮಾಡುತ್ತಿದ್ದೀರಿ, ಕೆಲವರು ಅತಿಥಿ ಉಪನ್ಯಾಸಕರಾಗಿದ್ದೀರಿ. ಇದು ನಿಮ್ಮ ಕೈಯಲ್ಲೇ ಇರುವ ಕೆಲಸ.

ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡು ಸುಮ್ಮನಿರಿ. ನಗಬೇಡಿ, ಇದು ಅಳೆದು ನೋಡಿದ ಸಂಗತಿ. ಮೇರಿ ಬಡ್ ರೋವ್ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು. ಪ್ರಶ್ನೆ ಕೇಳಿ ಶಿಕ್ಷಕರು ಕಾಯುತ್ತಿದ್ದುದು ಸುಮಾರು ಒಂದು ಸೆಕೆಂಡು. ಅದನ್ನು ಮೂರಕ್ಕೆ ಏರಿಸಿದಾಗ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಕಡಿಮೆಯಾಯಿತು, ಅಲ್ಲಿಯವರೆಗೆ ಬಾಯಿ ಬಿಡದವರು ಬಾಯಿ ಬಿಟ್ಟರು. ಕನ್ನಡಕ್ಕೆ ಹೋಗಿ ತಿರುಗಿ ಬರಬೇಕಾದ ಹುಡುಗನಿಗೆ ಮೂರೂ ಸಾಲದು, ಐದಾರು ಕೊಡಿ. ಎಲ್ಲರೂ ಮೊದಲು ಹಾಳೆಯ ಮೇಲೆ ಬರೆಯಲಿ, ಪಕ್ಕದವನಿಗೆ ತೋರಿಸಲಿ, ಆಮೇಲೆ ಹೇಳಲಿ. ಪಕ್ಕದವನೊಬ್ಬ ಹೂಂ ಎಂದ ಉತ್ತರವನ್ನು ಗಟ್ಟಿಯಾಗಿ ಹೇಳಲು ಅರ್ಧ ಅಂಜಿಕೆ ಸಾಕು.

ಉತ್ತರ ಕನ್ನಡದಲ್ಲಿ ಬಂದರೆ ಅದನ್ನು ಉತ್ತರ ಎಂದೇ ಒಪ್ಪಿ. ‘ಸ್ಪೀಕ್ ಇನ್ ಇಂಗ್ಲಿಷ್’ ಎಂದು ಗದರಿದರೆ ಆ ಬಾಯಿ ವರ್ಷವಿಡೀ ಮುಚ್ಚುತ್ತದೆ. ಉತ್ತರ ಸರಿ ಎಂದು ಮೊದಲು ಹೇಳಿ, ಅದನ್ನೇ ನೀವು ಇಂಗ್ಲಿಷಿನಲ್ಲಿ ಒಮ್ಮೆ ಹೇಳಿ, ಅವನೂ ಒಮ್ಮೆ ಹೇಳಲಿ. ಬೋರ್ಡಿನ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆಯಿರಿ. ಸಂವೇಗ ಎಂದರೆ ಮೊಮೆಂಟಮ್. ವಕ್ರೀಭವನ ಎಂದರೆ ರಿಫ್ರ್ಯಾಕ್ಷನ್. ಮಸೂರ, ಲೆನ್ಸ್. ದ್ಯುತಿಸಂಶ್ಲೇಷಣೆ, ಫೋಟೋಸಿಂಥೆಸಿಸ್. ಮೊದಲ ತಿಂಗಳು ಇಷ್ಟು ಮಾಡಿದರೆ ಹುಡುಗನಿಗೆ ಒಂದು ಸತ್ಯ ಹೊಳೆಯುತ್ತದೆ: ತಾನು ಖಾಲಿ ಕೈಯಲ್ಲಿ ಬಂದಿಲ್ಲ, ತನ್ನ ಬಳಿ ಇರುವ ಸಾಮಾನಿಗೆ ಇಲ್ಲಿ ಬೇರೆ ಹೆಸರಿದೆ, ಅಷ್ಟೇ.

ಅಂಜುವ ಮಗುವನ್ನು ಯಾವತ್ತೂ ಕೇಳಲೇಬಾರದೇ? ಇಲ್ಲಿ ಕರುಣೆಯ ಶಿಕ್ಷಕರು ಎಡವುತ್ತಾರೆ. ‘ಪಾಪ, ಅವಳನ್ನು ಬಿಟ್ಟುಬಿಡಿ’ ಎನ್ನುತ್ತಾರೆ. ಬಿಟ್ಟ ದಿನ ಅವಳಿಗೆ ಹಾಯೆನಿಸುತ್ತದೆ, ನಿಜ. ತಪ್ಪಿಸಿಕೊಂಡರೆ ಸುಖ ಎಂದು ಮನಸ್ಸು ಅವತ್ತೇ ಕಲಿತುಬಿಡುತ್ತದೆ. ಮುಂದಿನ ಸಲ ಅಂಜಿಕೆ ಇನ್ನೊಂದು ಗೇಣು ಎತ್ತರ. ಮನೋವೈದ್ಯರು ಆತಂಕಕ್ಕೆ ಕೊಡುವ ಚಿಕಿತ್ಸೆಯ ತಿರುಳೇ ಇದಕ್ಕೆ ಉಲ್ಟಾ. ಮೆಟ್ಟಿಲು ಮೆಟ್ಟಿಲಾಗಿ ಅಂಜಿಕೆಯ ಹತ್ತಿರ ಕರೆದೊಯ್ಯುವುದು. ಕ್ಲಾಸಿನಲ್ಲಿ ಅದು ಹೀಗಿರಬಹುದು: ಮೊದಲ ವಾರ ಅವಳು ಬರೆದುಕೊಟ್ಟ ಉತ್ತರವನ್ನು ನೀವೇ ಓದಿ, ಹೆಸರು ಹೇಳಬೇಡಿ. ಆಮೇಲೆ ಒಬ್ಬ ಗೆಳತಿಗೆ ಹೇಳಲಿ. ಆಮೇಲೆ ನಾಲ್ಕು ಜನರ ಗುಂಪಿಗೆ. ನಾಳೆ ಇದೇ ಪ್ರಶ್ನೆ ನಿನಗೆ ಕೇಳುತ್ತೇನೆ, ತಯಾರಾಗಿ ಬಾ ಎಂದು ಹಿಂದಿನ ದಿನವೇ ತಿಳಿಸಿ. ಕೂತಲ್ಲಿಂದಲೇ ಹೇಳಲಿ, ಎದ್ದು ನಿಲ್ಲುವ ದಿನ ತಾನಾಗಿ ಬರುತ್ತದೆ. ಹಿಂದೆ ಸರಿದ ದಿನ ಬೈಯಬೇಡಿ, ಹಿಂದಿನ ಮೆಟ್ಟಿಲಿಗೆ ಇಳಿಸಿ ಮತ್ತೆ ಹತ್ತಿಸಿ.

ಮಾತಾಡುವುದಿದ್ದರೆ ಬೇರೆಯಾಗಿ ಕರೆದು ಮಾತಾಡಿ, ಸ್ಟಾಫ್ ರೂಮಿನ ಹತ್ತು ಜನರ ನಡುವೆ ನಿಲ್ಲಿಸಿ ‘ಏನು ಪ್ರಾಬ್ಲಮ್ಮು ನಿನಗೆ?’ ಎಂದರೆ ಅದೂ ಒಂದು ಶಿಕ್ಷೆಯೇ. ‘ಅಂಜಬ್ಯಾಡ’ ಎಂಬ ಮಾತಿನಿಂದ ಯಾರ ಅಂಜಿಕೆಯೂ ಹೋದ ದಾಖಲೆ ಇಲ್ಲ. ‘ಯಾವಾಗ ಜಾಸ್ತಿ ಆಗತೈತಿ? ನಾನೇನ ಮಾಡಿದ್ರ ನಿನಗ ಹಗುರ ಆದೀತು?’ ಎಂದು ಕೇಳಿ ನೋಡಿ.

ಪರೀಕ್ಷೆಯ ಮುಂಚೆ ಒಂದು ಪ್ರಯೋಗ ಮಾಡಬಹುದು. ಶಿಕಾಗೋದ ಸಂಶೋಧಕರಿಬ್ಬರು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ, ತಮಗೆ ಏನು ಭಯವಾಗುತ್ತಿದೆ ಎಂಬುದನ್ನೇ ಮಕ್ಕಳಿಂದ ಹಾಳೆಯ ಮೇಲೆ ಬರೆಸಿದರು. ಹೆಚ್ಚು ಆತಂಕ ಪಡುತ್ತಿದ್ದವರ ಅಂಕ ಸುಧಾರಿಸಿತು. ಎಲ್ಲರಿಗೂ ಫಲಿಸುವ ಮಂತ್ರ ಎಂದು ತಿಳಿಯಬೇಡಿ. ಖರ್ಚೆಂದರೆ ಒಂದು ಹಾಳೆ. ಬರೆದದ್ದನ್ನು ಯಾರೂ ಓದಬಾರದು, ಬರೆದವನೇ ಹರಿದು ಹಾಕಲಿ. ಕನ್ನಡದಲ್ಲೇ ಬರೆಯಲಿ ಎಂದು ಬೇರೆ ಹೇಳಬೇಕೆ? ಭಯಕ್ಕೆ ಯಾರೂ ಇಂಗ್ಲಿಷ್ ವ್ಯಾಕರಣ ಹುಡುಕುವುದಿಲ್ಲ.

ಶಿಕ್ಷಕರು ಡಾಕ್ಟರಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಕಾಲೇಜಿನ ಗೇಟು ಕಂಡರೆ ವಾಂತಿ, ಇದ್ದಕ್ಕಿದ್ದಂತೆ ಉಸಿರು ಸಿಕ್ಕದೆ ಸತ್ತೇ ಹೋಗುತ್ತೇನೆ ಎಂದು ಕಂಗಾಲಾಗುವುದು, ಬದುಕು ಸಾಕು ಎಂಬ ಮಾತು ಬಾಯಲ್ಲಿ ಬರುವುದು, ಇವು ಕಂಡರೆ ಮೂರು ಸೆಕೆಂಡಿನ ಮದ್ದು ಸಾಲದು. ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ಗುಣವಾಗುವ ಕಾಯಿಲೆ ಇದು. ಮಾತಿನ ಚಿಕಿತ್ಸೆ ಇದೆ, ಬೇಕಾದವರಿಗೆ ಔಷಧವೂ ಇದೆ. ಕೊನೆಯ ಮಾತು ಕಿವಿಗೆ ಬಿದ್ದರೆ ನಾಳೆ ನೋಡೋಣ ಎನ್ನಬೇಡಿ, ಒಬ್ಬನನ್ನೇ ಬಿಡಬೇಡಿ.

ಎಲ್ಲಿಗೆ ಹೋಗುವುದು? ಇಡೀ ಉತ್ತರ ಕರ್ನಾಟಕ ಬರುವುದು ನಮ್ಮ ಊರಿಗೇ. ಬ್ರಿಟಿಷರ ಕಾಲದಲ್ಲಿ, 1845ರಲ್ಲಿ ಶುರುವಾದ ಆಸ್ಪತ್ರೆ ಇವತ್ತು ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆ. ಆದರೆ ಬೀದರಿನಿಂದ ಕಾರವಾರದವರೆಗೆ ‘ಇವನ್ನ ಧಾರವಾಡಕ್ಕ ಕಳಸ್ರಿ’ ಎಂಬುದು ಇನ್ನೂ ಬೈಗುಳ. ನಮ್ಮ ಊರಿನ ಹೆಸರೇ ಬೈಗುಳ! ವೈದ್ಯರು ಮನೆ ಪಕ್ಕದಲ್ಲಿದ್ದೂ ಹೆಣ್ಣುಮಗಳೊಬ್ಬಳು ‘ಮದುವಿ ಆಗೂ ಹುಡುಗಿ, ಯಾರರ ನೋಡ್ಯಾರು’ ಎಂಬ ಅವ್ವನ ಮಾತಿಗೆ ಸುಮ್ಮನಾಗುತ್ತಾಳೆ. ಗೇಟಿನವರೆಗೆ ಹೋಗಲು ಧೈರ್ಯವಿಲ್ಲದಿದ್ದರೆ ಫೋನಿದೆ. ಟೆಲಿ ಮಾನಸ್, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಈ ಐದು ಅಂಕಿಯನ್ನು ನಿಮ್ಮ ಹಾಸ್ಟೆಲಿನ ಗೋಡೆಗೆ ಬರೆಯಿರಿ. ಗೋಡೆಬರಹದಲ್ಲಿ ನಮ್ಮನ್ನು ಮೀರಿಸಿದವರು ಯಾರಿದ್ದಾರೆ?

ಕನ್ನಡದಲ್ಲಿ ಎಂಬ ಮಾತನ್ನು ಒತ್ತಿ ಹೇಳುತ್ತೇವೆ. ಕೋರ್ಟ್ ಹೇಳಿತೆಂದು ಕಾಲೇಜುಗಳು ಆಪ್ತ ಸಮಾಲೋಚಕರನ್ನು ನೇಮಿಸಿಯಾವು. ಆ ಸಮಾಲೋಚಕರ ಮುಂದೆ ಕೂತ ಹುಡುಗ ‘ಎದಿ ಡಬಡಬ ಅಂತೈತ್ರಿ, ತಲಿ ಗಿಂವ್ ಅಂತೈತಿ, ಜೀವಕ್ಕ ಸಮಾಧಾನಿಲ್ಲ’ ಎನ್ನುತ್ತಾನೆ. ಅದು ತಿಳಿಯದವರು, ಇಂಗ್ಲಿಷಿನ ಫಾರಂ ಕೊಟ್ಟು ಟಿಕ್ ಹಾಕು ಎನ್ನುವವರು ಬಂದರೆ ಏನು ಬಂತು? ಭಾಷೆಯಿಂದ ಬಂದ ಅಂಜಿಕೆಯನ್ನು ಹೇಳಿಕೊಳ್ಳಲೂ ಅದೇ ಭಾಷೆ ಬೇಕು ಎಂದ ಹಾಗಾಯಿತು. ಸಮಾಲೋಚಕರಿಗೆ ಕನ್ನಡ ಬರಬೇಕು, ಈ ಕಡೆಯ ಕನ್ನಡ ತಿಳಿಯಬೇಕು, ಫಾರಂ ಕನ್ನಡದಲ್ಲಿರಬೇಕು. ನಾಮಫಲಕಕ್ಕೆ ಹೋರಾಡಿದವರು ಈ ಫಾರಂಗೂ ಹೋರಾಡಬೇಕು.

ಇಷ್ಟೊಂದು ಮನಶ್ಶಾಸ್ತ್ರಜ್ಞರನ್ನು ಎಲ್ಲಿಂದ ತರುವುದು ಎಂದು ಆಡಳಿತ ಮಂಡಳಿಯವರು ಕೇಳುತ್ತಾರೆ. ಕೇಳಿದರೆ ಬಳ್ಳಾರಿಯ ಹೆಸರು ಹೇಳಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟರು. ಹಳ್ಳಿಯಲ್ಲೇ ಚಿಕಿತ್ಸೆ ಸಾಧ್ಯ ಎಂದು ತೋರಿಸಿದರು. 1996ರಲ್ಲಿ ಕೇಂದ್ರ ಸರಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದದ್ದು ಆ ಬಳ್ಳಾರಿ ಮಾದರಿಯ ಮೇಲೆಯೇ. ದೇಶಕ್ಕೆ ದಾರಿ ತೋರಿಸ್ಯಾರ ನಮ್ಮವರು. ಆರೋಗ್ಯ ಕಾರ್ಯಕರ್ತೆ ಕಲಿಯಬಹುದಾದದ್ದನ್ನು ಎಂ.ಎಸ್ಸಿ. ಓದಿದ ಉಪನ್ಯಾಸಕರು ಕಲಿಯಲಾರರೇ? ಡಿಮ್ಹಾನ್ಸ್ ಇರುವ ಊರಿನಲ್ಲಿ ತರಬೇತಿ ಕೊಡುವವರಿಲ್ಲ ಎನ್ನುವ ನೆಪ ನಡೆಯುವುದಿಲ್ಲ.

ಈಗ ನಿಮ್ಮ ಪಾಲಿನ ಕೆಲಸ. ನಿಮ್ಮ ಹಳೇ ಕಾಲೇಜಿಗೆ ಇಬ್ಬರೋ ಮೂವರೋ ಹೋಗಿ. ಬಾವುಟ ಬೇಡ, ಘೋಷಣೆ ಬೇಡ, ಪ್ರಿನ್ಸಿಪಾಲರ ಮೇಜು ಬಡಿಯುವುದೂ ಬೇಡ. ಕೂಗಾಡಿದರೆ ಅದರ ಸಿಟ್ಟು ಆ ಮಕ್ಕಳ ಮೇಲೆ ಇಳಿಯುತ್ತದೆ. ಒಂದು ಮನವಿ ಬರೆದುಕೊಂಡು ಹೋಗಿ ಕೇಳಿ: ಸಮಾಲೋಚಕರು ಯಾರು, ವಾರಕ್ಕೆ ಎಷ್ಟು ದಿನ ಬರುತ್ತಾರೆ, ಕನ್ನಡ ಬರುತ್ತದೆಯೇ? ಅಂಕ ನೋಡಿ ಬ್ಯಾಚು ಮಾಡಿದ್ದೀರಾ? ಸಹಾಯವಾಣಿ ಎಲ್ಲಿ ಬರೆಸಿದ್ದೀರಿ? ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ತಿಂಗಳು ಏನು ಮಾಡುತ್ತೀರಿ? ಡಿಗ್ರಿ ಕಾಲೇಜಾದರೆ ಇನ್ನೊಂದು ಪ್ರಶ್ನೆ ಸೇರಿಸಿ. ಪಾಠ ಇಂಗ್ಲಿಷಿನಲ್ಲಿದ್ದರೂ ಪರೀಕ್ಷೆಯನ್ನು ತಮ್ಮ ಭಾಷೆಯಲ್ಲಿ ಬರೆಯಲು ಬಿಡಿ ಎಂದು ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳನ್ನು ಕೋರಿತ್ತು. ಆ ಮಾತು ನಿಮ್ಮ ಮಕ್ಕಳ ಕಿವಿಗೆ ಬಿದ್ದಿದೆಯೇ?

ನೀವು ಸೈನ್ಸ್ ಓದಿದವರಾದರೆ ಒಂದು ಭಾನುವಾರ ಕೂತು ನಿಮ್ಮ ವಿಷಯದ ಇನ್ನೂರು ಪದ ಎರಡೂ ಭಾಷೆಯಲ್ಲಿ ಬರೆಯಿರಿ, ಜೆರಾಕ್ಸ್ ಮಾಡಿಸಿ, ಜೂನ್ ಮೊದಲ ವಾರ ಕಾಲೇಜಿನ ಗೇಟಿನಲ್ಲಿ ನಿಂತು ಹೊಸಬರಿಗೆ ಹಂಚಿ. ಹಾಸ್ಟೆಲಿನಲ್ಲಿದ್ದರೆ ಊರಿನಿಂದ ಬಂದ ತಮ್ಮಂದಿರ ಜೊತೆ ರಾತ್ರಿ ಅರ್ಧ ತಾಸು ಕೂಡಿ. ನಿಮಗೆ ಮೊದಲ ವರ್ಷ ಏನೇನು ತಿಳಿಯಲಿಲ್ಲ ಎಂಬುದನ್ನು ನಾಚಿಕೆ ಬಿಟ್ಟು ಹೇಳಿ. ಕ್ಲಾಸಿನಲ್ಲಿ ಯಾರಾದರೂ ತಡವರಿಸಿದಾಗ ಹಿಂದಿನ ಬೆಂಚಿನಿಂದ ನಗು ಬರುತ್ತದಲ್ಲ, ಅದನ್ನು ನಿಲ್ಲಿಸುವುದು ಪ್ರಿನ್ಸಿಪಾಲರಿಗಿಂತ ನಿಮಗೆ ಸುಲಭ. ಪಕ್ಕದಲ್ಲಿ ಕೂತವನು ನಕ್ಕರೆ ಮೊಣಕೈಯಿಂದ ಒಂದು ತಿವಿತ ಸಾಕು.

ಕಾಲೇಜಿನವರು ಏನು ಉತ್ತರ ಕೊಟ್ಟರು ಎಂದು ನಮಗೆ ಬರೆದು ತಿಳಿಸಿ. ಒಳ್ಳೆಯ ಕೆಲಸ ಮಾಡಿದ ಕಾಲೇಜಿನ ಹೆಸರು ದಪ್ಪ ಅಕ್ಷರದಲ್ಲಿ ಹಾಕುತ್ತೇವೆ. ವಿದ್ಯಾರ್ಥಿಗಳ ಹೆಸರು, ಗುರುತು ಮಾತ್ರ ಬರೆಯಬೇಡಿ. ಅವರ ಅಂಜಿಕೆ ನಮ್ಮ ಪತ್ರಿಕೆಯ ಸುದ್ದಿ ಆಗಕೂಡದು.